ಅಮಾನತ್ತಿನ ಕುದುರೆ

ಮೊನ್ನೆ ಬೀದರಿನ ಗಂಜ್ ಪೇಟೆಯಲ್ಲಿ ಗಿಡಮೂಲಿಕೆ ಅಂಗಡಿಯವನು ಮುತ್ತಲ, ಅಂದರೆ ಮುತ್ತುಗದ ಬೀಜ ಕುಟ್ಟುತ್ತಿದ್ದ. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟಾಂಗಾ ಕಾಕಾ ಕಣ್ಣೆದುರು ಬಂದು ನಿಂತರು. ಕೊಳ್ಳಬೇಕಾದ ಜೀರಿಗೆ ಮರೆತು ಹಾಗೇ ಮನೆಗೆ ಬಂದೆ.

ಕಾಕಾನ ಹತ್ತಿರ ಒಂದು ಕೆಂಪು ಹೆಣ್ಣುಕುದುರೆ ಇತ್ತು. ಮಳೆಗಾಲದ ಹಸಿ ಹುಲ್ಲು ತಿಂದ ಕುದುರೆಗೆ ಹೊಟ್ಟೆಯಲ್ಲಿ ಹುಳ ಆಗುತ್ತವೆ. ಅದಕ್ಕೇ ಮಳೆ ಹಿಂದಾಗುತ್ತಿದ್ದಂತೆ ಅದನ್ನು ಒಂದು ಸಂಜೆ ಉಪವಾಸ ಕೆಡವಿ, ಬೆಳಿಗ್ಗೆ ಮುತ್ತಲ ಬೀಜದ ಪುಡಿಯನ್ನು ಬೆಲ್ಲದಲ್ಲಿ ಕಲಸಿ ತಿನ್ನಿಸುತ್ತಿದ್ದರು. ಲದ್ದಿಯನ್ನು ಬೇರೆಯೇ ಗುಡ್ಡೆ ಹಾಕಿ ಸುಡುತ್ತಿದ್ದರು. ಬಿಟ್ಟರೆ ಹುಳ ಮತ್ತೆ ಹುಲ್ಲಿಗೇ ಸೇರುತ್ತವಂತೆ. ಆ ವಾರವೆಲ್ಲ ಟಾಂಗಾ ಹೂಡುತ್ತಿರಲಿಲ್ಲ. ತಹಶೀಲ್ದಾರರು ಕರೆದರೂ ಇಲ್ಲ...

ಪೊಲೀಸ್ ಕಾರ್ಯಾಚರಣೆಯ ವರ್ಷ ನಿಜಾಮರ ರಾಜ್ಯ ಬಿದ್ದಾಗ, ರಜಾಕಾರರ ಮೇಲಿನ ಸಿಟ್ಟು ಏನೂ ಮಾಡದ ಮುಸಲ್ಮಾನರ ಮನೆಗಳ ಮೇಲೂ ತಿರುಗತೊಡಗಿತ್ತು. ಅಪ್ಪ ಕಾಕಾನ ಅಂಗಳಕ್ಕೆ ಓಡಿದರು. ನಾನು ಹಿಂದೆಯೇ ಇದ್ದೆ.

"ಭಾಯಿ, ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಔರಾದಕ್ಕ ನಡಿ. ನಿಮ್ಮ ಮಾವನ ಮನ್ಯಾಗ ಇರು. ಟಾಂಗಾ ಹೂಡು."

ಕಾಕಾ ಕುದುರೆಯ ಕುತ್ತಿಗೆ ಸವರಿದರು. "ಇವತ್ತೇ ದವಾ ಹಾಕೀನ್ರಿ ಅಣ್ಣಾ. ಹೂಡಿದ್ರ ಸಾಯ್ತದ. ನಾವು ನಡಕೋತ ಹೋಗ್ತೇವ್ರಿ. ಇದು ನಿಮ್ಮ ಹತ್ರ ಅಮಾನತ್ ಇರ್ಲಿ."

ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ಬಳಸದೆ, ಹಾಗೆಯೇ ಕಾಯಬೇಕಾದದ್ದು. ಜೋಳದ ಹೊಲಗಳ ನಡುವೆ ಅವರು ಮಕ್ಕಳನ್ನು ಹೊತ್ತು ನಡೆದುಹೋದರು.

ಊರು ತಣ್ಣಗಾಯಿತು. ಕಾಕಾ ಮಾತ್ರ ಅಂಜಿಕೆಯಿಂದ ಊರಿಗೆ ಮರಳಲಿಲ್ಲ. ಅಪ್ಪ ಆ ಕುದುರೆಯನ್ನು ಹತ್ತಲಿಲ್ಲ, ಹೂಡಲಿಲ್ಲ, ಮಳೆ ಹಿಂದಾದಾಗ ಔಷಧ ಮಾತ್ರ ತಪ್ಪಿಸಲಿಲ್ಲ. ಕೆಲಸವಿಲ್ಲದೆ ತಿಂದು ತಿಂದು ಅದು ಮನೆ ಅಳಿಯನ ಹಾಗೆ ಕೊಬ್ಬಿತು. ಅಷ್ಟರಲ್ಲಿ ಕಾಕಾ ಔರಾದಿನ ಪೇಟೆಯಲ್ಲಿ ಮೂಟೆ ಹೊರುತ್ತಿದ್ದಾರೆ ಎಂಬ ಸುದ್ದಿ ಬಂತು. ಅವ್ವ ರೇಗಿದಳು.

"ಕುದ್ರಿ ಇಲ್ಲಿ ನಿಂತು ತಿನ್ಲಾಕತ್ತದ, ಅವರು ಅಲ್ಲಿ ಮೂಟಿ ಹೊರ್ಲಾಕತ್ತಾರ. ಹೊಡ್ಕೊಂಡು ಹೋಗಿ ಕೊಟ್ಟು ಬರ್ರಿ."

"ನಾ ಒಯ್ದು ಕೊಟ್ರ, ನಮಗ ಭಾರ ಆಯ್ತು ಅಂತ ತಿಳೀತಾನ. ತಾನಾಗೇ ಬರ್ಲಿ," ಎಂದರು ಅಪ್ಪ.

ಬಂದರು, ಎಷ್ಟೋ ವರ್ಷದ ಮೇಲೆ. ಕುದುರೆ ಕೇಳಲು ಅಲ್ಲ, ಮಗಳ ಮದುವೆಗೆ ಕರೆಯಲು. ಬೆನ್ನು ಬಾಗಿ, ನೆಲ ನೋಡಿಕೊಂಡೇ ನಡೆಯುವ ಹಾಗಾಗಿದ್ದರು. ಕುದುರೆ ಆ ಬೇಸಿಗೆಯಲ್ಲಷ್ಟೇ ಕಾಲು ಸೋತು ಸತ್ತಿತ್ತು.

"ಒಂದ್ ಮಾತು ಹೇಳಿ ಕಳಿಸಬಾರ್ದಿತ್ತೇನೋ ಭಾಯಿ?" ಎಂದರು ಅಪ್ಪ.

"ಹ್ಯಾಂಗ ಕೇಳ್ಲಿರಿ ಅಣ್ಣಾ? ಕೇಳಿದ್ರ ನಿಮ್ಮ ಮ್ಯಾಲ ಭರೋಸಾ ಇಲ್ಲ ಅಂದಂಗ ಆಗ್ತದ."

ಅವ್ವ ತಂದಿಟ್ಟ ಚಹಾ ಇಬ್ಬರೂ ಕುಡಿಯಲಿಲ್ಲ...

ಈಗ ಇಬ್ಬರೂ ಇಲ್ಲ. ಅಪ್ಪನ ನಿಯತ್ತನ್ನು ನಮ್ಮ ಓಣಿಯ ಹಳಬರು ಇಂದಿಗೂ ಹೊಗಳುತ್ತಾರೆ. ನನಗೋ ಸಿಟ್ಟು ಬರುತ್ತದೆ. ಔರಾದೇನು ಕಾಶಿಯಷ್ಟು ದೂರವಿತ್ತೇ? ಇಬ್ಬರಲ್ಲಿ ಒಬ್ಬರು ಒಂದು ಗಳಿಗೆ ಆ ದೊಡ್ಡಸ್ತಿಕೆಯನ್ನು ಬದಿಗಿಟ್ಟಿದ್ದರೆ, ಕಾಕಾ ಕೊನೆಯವರೆಗೂ ನೆಟ್ಟಗೆ ನಡೆಯುತ್ತಿದ್ದರು.