ಎರಡು ಸಲ ಬಿಗಿದ ಬೋಲ್ಟು

ಮೂಗಣ್ಣನಿಗೆ ಆ ಹೆಸರು ಬಂದದ್ದು ಮೂಗು ಉದ್ದವಿದ್ದದ್ದಕ್ಕಲ್ಲ. ಮೂಗು ಎಲ್ಲರದರ ಹಾಗೇ ಇತ್ತು, ಅದಕ್ಕೆ ಅವನು ಕೊಡುತ್ತಿದ್ದ ಕೆಲಸ ಮಾತ್ರ ಜಾಸ್ತಿ. ಗ್ಯಾರೇಜಿಗೆ ಹೊಸ ಎಣ್ಣೆಯ ಡಬ್ಬಿ ಬಂದರೆ ಸೀಲು ಮುರಿದು ಮೊದಲು ಮೂಸುವನು. ಆಮೇಲೆ ಬೆರಳುಗಳ ನಡುವೆ ಒಂದು ಹನಿ ಇಟ್ಟು ಉಜ್ಜುವನು, ಬೆಳಕಿಗೆ ಹಿಡಿಯುವನು, ಮತ್ತೆ ಮೂಸುವನು. ತಂದುಕೊಟ್ಟ ಅಂಗಡಿಯವನು ಎದುರಿಗೇ ನಿಂತಿದ್ದರೂ ಸಂಕೋಚವೆಂಬುದಿಲ್ಲ. ಮನೆಯಲ್ಲಿ ಹೆಂಡತಿ ಕೊಟ್ಟ ಚಹಾವನ್ನೂ ಮೂಸದೆ ಕುಡಿದವನಲ್ಲ. "ವಿಷ ಹಾಕೋದಿದ್ರೆ ಇಷ್ಟು ವರ್ಷ ಕಾಯ್ತಿದ್ನಾ?" ಎಂದು ಆಕೆ ರೇಗಿದರೆ, ಆ ಮಾತನ್ನೂ ಒಂದು ಗಳಿಗೆ ತೂಗಿ ನೋಡಿ, ಆಮೇಲೆ ಕುಡಿಯುವ ಮನುಷ್ಯ.

ಹುಟ್ಟಿನಿಂದಲೇ ಹೀಗಿರಲಿಲ್ಲ. ಅಪ್ಪ ಗ್ಯಾರೇಜು ನಡೆಸುತ್ತಿದ್ದ ಕಾಲದಲ್ಲಿ, ಅಪ್ಪನ ಜೀವದ ಗೆಳೆಯನೇ ಹಳೆಯ ಎಣ್ಣೆಯನ್ನು ಸೋಸಿ ಹೊಸದೆಂದು ತಂದು ಹಾಕಿದ್ದ. ಒಬ್ಬ ಗಿರಾಕಿಯ ಎಂಜಿನ್ನು ನಡುದಾರಿಯಲ್ಲಿ ಬಿಗಿದುಕೊಂಡು ನಿಂತುಬಿಟ್ಟಿತು. ಅಪ್ಪ ಅದನ್ನು ಬಿಟ್ಟಿಯಾಗಿ ಸರಿಮಾಡಿಕೊಟ್ಟರೂ ಆಮೇಲೆ ಬೀದಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ. ಮಗ ಮೂಸಲು ಶುರುಮಾಡಿದ್ದು ಅವತ್ತಿನಿಂದ. ಎಣ್ಣೆಯಿಂದ ಶುರುವಾದ ಅನುಮಾನ ಬೋಲ್ಟಿಗೆ ಹಬ್ಬಿತು, ಬೋಲ್ಟಿನಿಂದ ಗಿರಾಕಿಗೆ, ಗಿರಾಕಿಯಿಂದ ನೆಂಟರಿಷ್ಟರಿಗೆ. ಯಾರಾದರೂ ಸುಮ್ಮನೆ ನಕ್ಕರೂ ಅವನ ಕಿವಿ ನಿಮಿರುತ್ತಿತ್ತು.

ಗ್ಯಾರೇಜಿನಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ತಂಗಿ. ಮದುವೆಯಾಗಿ ಎರಡು ಬೀದಿ ಆಚೆಗೆ ಹೋಗಿದ್ದರೂ ಬೆಳಿಗ್ಗೆ ಬಾಗಿಲು ತೆಗೆಯುವವಳು ಅವಳೇ. ಎಂಜಿನ್ನಿನ ಒಳಗಿನ ನಾಜೂಕು ಕೆಲಸವೆಲ್ಲ ಅವಳದು. ಸವೆದ ಬೇರಿಂಗನ್ನು ಉಗುರಿನಿಂದ ಸವರಿ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುವಳು. ಹೊರಗಿನದು, ಅಂದರೆ ಬಿಚ್ಚುವುದು, ಮುಚ್ಚುವುದು, ಗಿರಾಕಿಯ ಜೊತೆ ಗುದ್ದಾಡುವುದು ಅಣ್ಣನದು. ಅವಳಿಲ್ಲದಿದ್ದರೆ ಗ್ಯಾರೇಜು ಒಂದು ವಾರವೂ ನಡೆಯದು ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಮೂಗಣ್ಣನಿಗೂ ಗೊತ್ತಿತ್ತು, ಹೇಳಿದವನಲ್ಲ ಅಷ್ಟೆ.

ಹೇಳುವುದಿರಲಿ, ಅವಳು ಬಿಗಿದ ಬೋಲ್ಟಿಗೆಲ್ಲ ಅವಳ ಕಣ್ಣೆದುರಿಗೇ ತನ್ನ ಸ್ಪ್ಯಾನರ್ ಹಾಕಿ ಇನ್ನೊಮ್ಮೆ ನೋಡುತ್ತಿದ್ದ. ಒಂದೇ ಒಂದು ಬೋಲ್ಟು ಯಾವತ್ತೂ ಅಲುಗಿರಲಿಲ್ಲ. ಆದರೂ ನೋಡುತ್ತಿದ್ದ. ಗ್ಯಾಸ್ಕೆಟ್ಟಿನ ವಿಷಯದಲ್ಲೂ ಅದೇ ಹಾಡು. ಎರಡು ಲೋಹದ ನಡುವೆ ಎಣ್ಣೆ ಸೋರದಂತೆ ಇಡುವ ಆ ತೆಳು ಹಾಳೆಯನ್ನು ಹಾಗೆಯೇ ಒಣದಾಗಿ ಕೂರಿಸಿದರೆ ಸಾಕು. ಆದರೆ ಮಾಡಿದವನು ಎಂಥವನೋ ಏನೋ ಎಂದು ಮೂಗಣ್ಣ ಅದರ ಎರಡೂ ಬದಿಗೆ, ಒಣಗಿದರೆ ರಬ್ಬರಿನಂತಾಗುವ ಕೆಂಪು ಪೇಸ್ಟು ಮೆತ್ತುವನು. ಮೆತ್ತಿದ ಮೇಲೆ ಪೇಸ್ಟಿನ ಮೇಲೂ ಅನುಮಾನ ಬಂದು ಇನ್ನೊಂದು ಸುತ್ತು ಮೆತ್ತುವನು. "ರೊಟ್ಟಿಗೆ ಬೆಣ್ಣೆ ಹಚ್ಚಿದಂಗೆ ಹಚ್ತೀಯಲ್ಲೋ" ಎಂದು ತಂಗಿ ನಗುತ್ತಿದ್ದಳು. ಕೆಲವು ವರ್ಷಗಳಿಂದ ನಗುವುದನ್ನೂ ಬಿಟ್ಟಿದ್ದಳು.

ರಸ್ತೆಯ ಆಚೆಬದಿಗೆ ಗಾಜಿನ ಬಾಗಿಲಿನ ದೊಡ್ಡ ಗ್ಯಾರೇಜೊಂದು ತೆರೆದಿತ್ತು. ಅದರ ಯಜಮಾನನ ಅಂಗಿಗೆ ಎಣ್ಣೆ ತಾಗಿದ್ದನ್ನು ಕಂಡವರಿಲ್ಲ. ಮಡಿಕೆ ಮುರಿಯದ ಆ ಅಂಗಿಗೆ ತಕ್ಕಂತೆ ಮೂಗಣ್ಣ ಅವನಿಗೆ ಇಸ್ತ್ರಿಯಪ್ಪ ಎಂದು ಹೆಸರಿಟ್ಟಿದ್ದ. ಇಸ್ತ್ರಿಯಪ್ಪ ತಂಗಿಯನ್ನು ಒಮ್ಮೆ ಕೆಲಸಕ್ಕೆ ಕರೆದಿದ್ದನೆಂಬುದು ಬೀದಿಯ ಬಾಯಲ್ಲಿತ್ತು. ತಂಗಿ ಆ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಬೇಡವೆಂದಿದ್ದರೆ ಬೇಡವೆಂದೆ ಅಂತ ಹೇಳಬೇಕಲ್ಲ? ಹೇಳಲಿಲ್ಲವೆಂದರೆ ಏನರ್ಥ? ಅಂದಿನಿಂದ ಮೂಗಣ್ಣ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ಬಸ್ಸಜ್ಜನ ಹಸಿರು ಕಾರು ಬಂದದ್ದು ಆ ಕಾಲಕ್ಕೆ. ಆಯುಷ್ಯವೆಲ್ಲ ಬಸ್ಸು ಓಡಿಸಿ, ಪ್ರತಿ ಸ್ಟಾಪಿನಲ್ಲೂ ನಿಂತೂ ನಿಂತೂ ಬೇಸತ್ತ ಆ ಮುದುಕ ನಿವೃತ್ತನಾದ ಮೇಲೆ ಎಲ್ಲೂ ನಿಲ್ಲಿಸದೆ ಓಡಿಸಬೇಕೆಂದು ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಹುಡುಕಿ ತಂದಿದ್ದ. ನೆಲಕ್ಕೆ ಅಂಟಿಕೊಂಡಂಥ ಕಾರು. ಅಜ್ಜ ಒಳಗೆ ಕೂರಬೇಕಾದರೆ ಮೊಣಕಾಲಿಗೆ ಒಂದು, ಸೊಂಟಕ್ಕೆ ಒಂದು ಅಂತ ಬೈಗುಳ ಹಂಚುತ್ತಿದ್ದ. ನಿಂತ ಕಡೆಯಲ್ಲೆಲ್ಲ ಅದು ಎಣ್ಣೆಯ ಗುರುತು ಬಿಡುತ್ತಿತ್ತು, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಏಳಲೋ ಬೇಡವೋ ಎನ್ನುತ್ತಿತ್ತು.

ತಂಗಿ ಪರೀಕ್ಷಿಸಿ ಎಣ್ಣೆಯ ಪಂಪು ಸವೆದಿದೆಯೆಂದಳು. ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿಕೊಳ್ಳುವ ಲೋಹದ ತೊಟ್ಟಿಗೆ ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಪಂಪು ಇರುವುದು ಅದರ ಒಳಗೆ, ಬಾಯಿಗೆ ಒಂದು ಜಾಲರಿ ಕಟ್ಟಿಕೊಂಡು. ಅಂಥ ಪಂಪು ಈಗ ಯಾರೂ ಮಾಡುವುದಿಲ್ಲ. ತಂಗಿ ಎಲ್ಲೆಲ್ಲಿಗೋ ಫೋನು ಮಾಡಿ, ಯಾರ ಯಾರನ್ನೋ ಕಾಡಿ, ಕೊನೆಗೊಂದನ್ನು ತರಿಸಿದಳು. ಅವಳು ಅದನ್ನು ಕೂರಿಸಿದಳು. ಮೂಗಣ್ಣ ಚೇಂಬರ್ ಮುಚ್ಚಿದ, ತನ್ನ ರೀತಿಯಲ್ಲಿ, ಎರಡು ಬದಿಗೆ ಎರಡೆರಡು ಸುತ್ತು ಪೇಸ್ಟು ಮೆತ್ತಿ. ಕಾರಿನಡಿ ಒಂದು ಹನಿಯೂ ಬೀಳಲಿಲ್ಲ. ಮುಳ್ಳು ಜಂಬದಿಂದ ಎದ್ದು ನಿಂತಿತು. ಅಜ್ಜ ಕಣ್ಣೊರೆಸಿಕೊಂಡು ಹೊರಟುಹೋದ.

ತಿಂಗಳು ಕಳೆಯುವುದರೊಳಗೆ ಕಾರು ವಾಪಸು ಬಂತು.

"ನಿಧಾನಕ್ಕೆ ಹೋದ್ರೆ ಸರಿಯಾಗೇ ಇರತ್ತೆ" ಎಂದ ಅಜ್ಜ. "ಜೋರಾಗಿ ಬಿಟ್ರೆ ಮುಳ್ಳು ದೊಪ್ ಅಂತ ಬೀಳತ್ತೆ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಏಳತ್ತೆ. ನಿಧಾನಕ್ಕೆ ಹೋಗೋಕೆ ನಂಗೆ ಬಸ್ಸಿರಲಿಲ್ವೇನಪ್ಪಾ?"

"ಹೊಸಾ ಪಂಪು ಹಾಕಿದೀವಲ್ಲ ಅಜ್ಜಾ" ಎಂದ ಮೂಗಣ್ಣ. ಅಂದವನೇ ನಾಲಿಗೆ ಕಚ್ಚಿಕೊಂಡ. ಹೊಸ ಪಂಪು ಹಾಕಿದ್ದನ್ನು ಅವನೇನು ಕಂಡಿದ್ದನೇ? ಡಬ್ಬದಲ್ಲಿ ಬಂದದ್ದನ್ನು ಕಂಡಿದ್ದ. ಕೂರಿಸಿದವಳು ತಂಗಿ. ಆ ಹೊತ್ತು ಇವನು ಗ್ಯಾಸ್ಕೆಟ್ಟು ತರಲು ಹೋಗಿದ್ದ, ಮುಚ್ಚುವಾಗ ಕಣ್ಣೆಲ್ಲ ಪೇಸ್ಟಿನ ಮೇಲಿತ್ತು. ಇಸ್ತ್ರಿಯಪ್ಪನ ಗಾಜಿನ ಬಾಗಿಲಿನ ಹಿಂದೆ ಇದೇ ಜಾತಿಯ ಕಾರೊಂದು, ಬೂದು ಬಣ್ಣದ್ದು, ಬಹಳ ದಿನದಿಂದ ಬಾನೆಟ್ ತೆರೆದುಕೊಂಡು ನಿಂತಿತ್ತು. ಒಂದಕ್ಕೊಂದು ಸೇರಿಸಿದರೆ ಏನಾಯಿತು? ಹೊಸ ಪಂಪು ಅಜ್ಜನ ಕಾರಿಗೆ ಹೋಗಲೇ ಇಲ್ಲವೇನೋ!

ಅಂದು ಮಧ್ಯಾಹ್ನ ಮೂಗಣ್ಣ ಊಟ ಮುಗಿಸಿ ಬಂದಾಗ ಬಸ್ಸಜ್ಜ ಬಾಗಿಲ ಬಳಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ತಂಗಿ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಬೆಂಚಿನ ಮೇಲೆ ಕಾರಿನ ಎಣ್ಣೆಯ ಫಿಲ್ಟರು ಡಬ್ಬಿಯಂತೆ ಕೊಯ್ಸಿಕೊಂಡು ಬಿದ್ದಿತ್ತು. ಅವಳು ಏನನ್ನೋ ಬಟ್ಟೆಯಲ್ಲಿ ಸುತ್ತಿ ತನ್ನ ಹತಾರದ ಡ್ರಾಯರಿನೊಳಗೆ ಹಾಕಿ ಬೀಗ ತಿರುಗಿಸಿದಳು. ಅಪ್ಪನ ಕಾಲದಿಂದ ಆ ಡ್ರಾಯರಿಗೆ ಬೀಗ ಹಾಕಿದವರಿಲ್ಲ. ಅದಕ್ಕೊಂದು ಕೀಲಿಯಿದೆ ಎಂಬುದೇ ಮೂಗಣ್ಣನಿಗೆ ಮರೆತುಹೋಗಿತ್ತು.

"ಏನಾಯ್ತು?" ಎಂದ.

"ಚೇಂಬರ್ ಬಿಚ್ಚಬೇಕು ಅಣ್ಣ."

"ಯಾಕೆ?"

"ಬಿಚ್ಚಿದ್ರೆ ಗೊತ್ತಾಗತ್ತೆ. ನಾನೇ ಬಿಚ್ತೀನಿ. ನೀನು ಮನೇಗೆ ಹೋಗಿ ಸುಧಾರಿಸ್ಕೊ."

ನೀನು ಮನೆಗೆ ಹೋಗು! ಮೂಗಣ್ಣನಿಗೆ ಇನ್ನೇನು ಬೇಕಿತ್ತು? ಇಷ್ಟು ವರ್ಷದಲ್ಲಿ ಅವಳು ಆ ಮಾತು ಆಡಿದವಳಲ್ಲ. ನನ್ನನ್ನು ಆಚೆ ಕಳಿಸಿ ಪಂಪನ್ನು ಮತ್ತೆ ಅದಲು ಬದಲು ಮಾಡುವ ಹುನ್ನಾರ ಎಂದುಕೊಂಡು ಅಲ್ಲಿಂದ ಕದಲಲಿಲ್ಲ. ಸಂಜೆ ಅವಳು ರಸ್ತೆ ದಾಟಿ ಇಸ್ತ್ರಿಯಪ್ಪನ ಜೊತೆ ಮಾತಾಡಿದ್ದನ್ನು ಕಂಡ. ಇಸ್ತ್ರಿಯಪ್ಪ ತಲೆಯಾಡಿಸಿದ, ಅವಳು ಕೈಯಾಡಿಸಿದಳು. ಯಾವುದು ಹೂಂ, ಯಾವುದು ಊಹೂಂ ಎಂದು ಇಷ್ಟು ದೂರದಿಂದ ಹೇಗೆ ತಿಳಿಯಬೇಕು? ತಿಳಿಯದ್ದನ್ನೆಲ್ಲ ಅವನ ತಲೆ ತಾನೇ ತುಂಬಿಕೊಂಡಿತು.

ಮಾರನೆಯ ದಿನ ಸಿಡಿದ.

"ಡ್ರಾಯರ್ ತೆಗಿ."

ತಂಗಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಯಾಕೆ?"

"ಹೊಸಾ ಪಂಪು ಅದ್ರೊಳಗಿದೆ. ಕಾರಲ್ಲಿರೋದು ಹಳೇದು. ಆ ಬೂದು ಕಾರಿಗೆ ಅಂತ ಎತ್ತಿಟ್ಟಿದೀಯ. ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಬಸ್ಸಜ್ಜ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತ. ತಂಗಿಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಕೂಗಾಡುತ್ತಾಳೆ, ಅಳುತ್ತಾಳೆ ಎಂದು ಮೂಗಣ್ಣ ಕಾದ. ಅವಳು ಕೊರಳಿನ ದಾರದಿಂದ ಕೀಲಿ ಬಿಚ್ಚಿ ಬೆಂಚಿನ ಮೇಲಿಟ್ಟಳು. ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು.

"ಎದುರಿನವನು ಎರಡು ಸಲ ಕೆಲಸಕ್ಕೆ ಕರೆದ. ನಿನ್ನೆ ಸಂಜೇನೂ ಕರೆದ. ಅಣ್ಣ ಒಬ್ಬನೇ ಆಗ್ಬಿಡ್ತಾನೆ, ಆಗಲ್ಲ ಅಂದಿದ್ದೆ" ಎಂದಳು. "ಈಗ ಹೂಂ ಅಂತೀನಿ." ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

ಕೀಲಿ ಇತ್ತು, ಡ್ರಾಯರು ಇತ್ತು. ಆದರೆ ಮೂಗಣ್ಣನ ಕೈ ಮುಂದೆ ಬರಲಿಲ್ಲ. "ತೆಗಿಯಪ್ಪಾ, ಇಷ್ಟು ಮಾಡಿದ ಮೇಲೆ ಅದ್ಯಾಕೆ ಬಾಕಿ?" ಎಂದ ಅಜ್ಜ, ಉಗಿಯುವ ದನಿಯಲ್ಲಿ.

ತೆಗೆದ. ಬಟ್ಟೆಯ ಗಂಟು ಹಗುರವಾಗಿತ್ತು. ಪಂಪಿನ ತೂಕವೇ ಅಲ್ಲ. ಬಿಚ್ಚಿದರೆ ಒಳಗೆ ಕೆಂಪು ಹುಳುಗಳ ಹಾಗೆ ಸುರುಳಿ ಸುರುಳಿಯಾಗಿ ಗಟ್ಟಿಯಾದ ಏನೋ ಚೂರುಗಳು. ಮೂಗಣ್ಣ ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದ. ಮೂಸಬೇಕಾದ ಅಗತ್ಯವೇ ಇರಲಿಲ್ಲ. ಅವನ ಪೇಸ್ಟು. ಅವನೇ ಮೆತ್ತಿದ್ದು. ಬೋಲ್ಟು ಬಿಗಿದಾಗ ಹೆಚ್ಚಾದದ್ದು ಚೇಂಬರಿನ ಒಳಕ್ಕೆ ಉಕ್ಕಿ, ಒಣಗಿ, ಮುರಿದು, ಎಣ್ಣೆಯಲ್ಲಿ ತೇಲಿ ಫಿಲ್ಟರಿನವರೆಗೆ ಬಂದಿತ್ತು. ಸಣ್ಣ ಚೂರುಗಳೇ ಇಲ್ಲಿಗೆ ಬಂದಿದ್ದರೆ ದೊಡ್ಡವು ಎಲ್ಲಿರಬೇಕು?

ಚೇಂಬರ್ ಬಿಚ್ಚಿದ. ಪಂಪು ಹೊಸದೇ, ಹೊಳೆಯುತ್ತಿತ್ತು. ಅದರ ಬಾಯಿಯ ಜಾಲರಿ ಮಾತ್ರ ಕೆಂಪು ಪೇಸ್ಟಿನಿಂದ ಕಟ್ಟಿಹೋಗಿತ್ತು. ಜೋರಾಗಿ ಎಣ್ಣೆ ಎಳೆದಾಗ ಚೂರುಗಳು ಹೋಗಿ ಜಾಲರಿಗೆ ಅಂಟುವುದು, ಎಂಜಿನ್ನು ನಿಂತಾಗ ಉದುರುವುದು. ಅಜ್ಜ ಹೇಳಿದ್ದಕ್ಕೆಲ್ಲ ಉತ್ತರ ಅಲ್ಲಿತ್ತು. ಅಜ್ಜ ಕೇಳಿಸಿಕೊಂಡಾನು, ಅಣ್ಣನ ಮರ್ಯಾದೆ ಹೋದೀತು ಎಂದು ಅವಳು ಅದನ್ನು ಬೀಗದೊಳಗಿಟ್ಟು, ಅಣ್ಣನನ್ನು ಮನೆಗೆ ಕಳಿಸಿ, ಯಾರಿಗೂ ತಿಳಿಯದಂತೆ ತೊಳೆದು ಮುಚ್ಚಬೇಕೆಂದಿದ್ದಳು. ಅಪ್ಪನ ಹಾಗೆ ಇವನೂ ತಲೆ ತಗ್ಗಿಸಿ ನಡೆಯಬಾರದೆಂದು. ಮೂಗಣ್ಣನಿಗೆ ಕಾರಿನಡಿಯಿಂದ ಹೊರಗೆ ಬರುವುದೇ ಬೇಡವೆನ್ನಿಸಿತು. ಜೀವಮಾನದಲ್ಲಿ ಅಷ್ಟು ನಾಚಿಕೆಯಾದದ್ದಿಲ್ಲ.

ಜಾಲರಿ ತೊಳೆದ. ಅಂಚಿನ ಪೇಸ್ಟೆಲ್ಲ ಕೆರೆದ. ಹೊಸ ಗ್ಯಾಸ್ಕೆಟ್ಟು ತಂದಿಟ್ಟ. ಪೇಸ್ಟಿನ ಟ್ಯೂಬನ್ನು ಕೈಗೆತ್ತಿಕೊಂಡು, ಕಸದ ಡಬ್ಬಿಗೆ ಎಸೆದು, ರಸ್ತೆ ದಾಟಿದ. ಗಾಜಿನ ಬಾಗಿಲಿನ ಒಳಗೆ ಎಲ್ಲವೂ ಹೊಳೆಯುತ್ತಿತ್ತು. ಇಸ್ತ್ರಿಯಪ್ಪ "ಬನ್ನಿ ಬನ್ನಿ" ಎಂದದ್ದರಲ್ಲಿ ಏನೋ ಇದೆಯೆನ್ನಿಸಿತು. ಅದನ್ನು ಪಕ್ಕಕ್ಕಿಟ್ಟ.

"ಪೇಸ್ಟು ನಂದು" ಎಂದ ತಂಗಿಗೆ. ಇಸ್ತ್ರಿಯಪ್ಪ ಕೇಳಿಸಿಕೊಳ್ಳುವಂತೆಯೇ ಹೇಳಿದ. "ತಪ್ಪೂ ನಂದೇ. ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಅಜ್ಜಂಗೂ ಹೇಳಿದೀನಿ. ಚೇಂಬರ್ ನೀನು ಮುಚ್ಚಿಕೊಡು."

ತಂಗಿ ರಸ್ತೆಯಾಚೆಯ ಹಸಿರು ಕಾರಿನ ಕಡೆ ನೋಡಿದಳು. "ಆ ಕಾರೊಂದನ್ನ ಮುಚ್ತೀನಿ. ಮುಂದಿನದು ಆಮೇಲೆ ನೋಡೋಣ" ಎಂದಳು.

ಅವಳು ಗ್ಯಾಸ್ಕೆಟ್ಟನ್ನು ಒಣದಾಗಿಯೇ ಕೂರಿಸಿ ಬೋಲ್ಟುಗಳನ್ನು ಬಿಗಿದಳು. ಮೂಗಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಬೆರಳು ತುರಿಸುತ್ತಿತ್ತು. ಅವಳು ಹೊರಗೆ ಬಂದು ಸ್ಪ್ಯಾನರನ್ನು ಅವನ ಕಡೆ ಚಾಚಿದಳು.

"ಒಂದ್ಸಲ ನೋಡು."

"ಬೇಡ. ನೀನು ಬಿಗಿದ ಮೇಲೆ ಆಯ್ತು."

"ನಾನೇ ಹೇಳ್ತಿದೀನಲ್ಲ. ನೋಡು."

ಕಾರಿನಡಿ ಮಲಗಿದ. ಒಂದೊಂದಕ್ಕೂ ಸ್ಪ್ಯಾನರ್ ಕೊಟ್ಟ. ಕಲ್ಲಿನ ಹಾಗೆ ಕೂತಿದ್ದವು. ಹಿಂಬದಿಯ ಮೂಲೆಯದಕ್ಕೆ ಬಂದಾಗ ಸ್ಪ್ಯಾನರ್ ಸಲೀಸಾಗಿ ಅರ್ಧ ಸುತ್ತು ತಿರುಗಿತು. ಇಷ್ಟು ವರ್ಷ ಹುಡುಕಿದ್ದು ಇವತ್ತು ಸಿಕ್ಕಿತ್ತು. ಅವಳು ಮರೆಯುವವಳಲ್ಲ. ಬೇಕೆಂದೇ ಬಿಟ್ಟಳೇ? ನನ್ನ ಬಾಯಲ್ಲಿ ಏನು ಬರುತ್ತದೆಂದು ನೋಡುವುದಕ್ಕೆ? ಇಸ್ತ್ರಿಯಪ್ಪ ಹೇಳಿಕೊಟ್ಟಿರಬಹುದೇ? ಇಲ್ಲ, ಕಣ್ಣಲ್ಲಿ ನೀರು ತುಂಬಿ ಕಾಣದೆ ಹೋಯಿತೇ? ಸದ್ದಾಗದಂತೆ ಬಿಗಿದು, ಎದ್ದು ಬಂದ.

"ಏನಾದ್ರೂ ಸಿಕ್ತಾ?" ಎಂದಳು ತಂಗಿ, ಕೈ ಒರೆಸಿಕೊಳ್ಳುತ್ತ, ಅವನ ಕಡೆ ನೋಡದೆ.

"ಏನಿಲ್ಲ. ಎಲ್ಲಾ ಸರಿಯಾಗಿದೆ."

ಅಜ್ಜ ಕಾರನ್ನು ಬೀದಿಯುದ್ದಕ್ಕೂ ಗುಡುಗಿಸಿಕೊಂಡು ಹೋಗಿ ಬಂದ. ಮುಳ್ಳು ಬೀಳಲಿಲ್ಲ. ಮೂಗಣ್ಣ ಕೀಲಿಯನ್ನು ತಂಗಿಗೆ ಚಾಚಿ, "ಇನ್ನು ಬೀಗ ಬೇಕಾಗಲ್ಲ ಬಿಡು" ಎಂದ.

"ಇರ್ಲಿ. ಸ್ವಲ್ಪ ದಿನ ಇರ್ಲಿ" ಎಂದು ಅವಳು ಕೀಲಿಯನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡಳು. ಏಪ್ರನ್ನು ಗೂಟದಲ್ಲೇ ಬಿಟ್ಟು ಮನೆಗೆ ಹೋದಳು. ಬೆಳಿಗ್ಗೆ ಮೂಗಣ್ಣ ಬಂದಾಗ ಗ್ಯಾರೇಜಿನ ಬಾಗಿಲು ತೆಗೆದಿತ್ತು.

ಆ ಮೂಲೆಯ ಬೋಲ್ಟಿನ ವಿಷಯ ಅವನು ಇವತ್ತಿಗೂ ಕೇಳಿಲ್ಲ, ಅವಳೂ ಹೇಳಿಲ್ಲ. ಚಹಾದ ಹೊತ್ತಿಗೆ ಒಮ್ಮೊಮ್ಮೆ ಅವಳನ್ನು ಓರೆಗಣ್ಣಿನಿಂದ ನೋಡುತ್ತಾನೆ. ಅನುಮಾನ ಗಂಟಲವರೆಗೆ ಬರುತ್ತದೆ. ಅದನ್ನು ಹೊಟ್ಟೆಗೆ ಹಾಕಿಕೊಂಡು, ಕೈಯಲ್ಲಿರುವ ಚಹಾವನ್ನು ಮೂಸದೆ ಕುಡಿಯುತ್ತಾನೆ.