ಮರದ ಮೆಟ್ಟಿನ ಎರಡು ಏಟು

ನಾನು ಜೀವನದಲ್ಲಿ ಒಬ್ಬನೇ ಒಬ್ಬ ಮನುಷ್ಯನಿಗೆ ಮೆಟ್ಟಿನಲ್ಲಿ ಹೊಡೆದಿದ್ದೇನೆ. ಹೊಡೆಯುತ್ತೇನೆ ಎಂದು ಹೇಳಿದ್ದು ಬಹಳ ಜನರಿಗೆ. ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಆ ಮಾತು ಬಾಯಿಗೆ ಸಲೀಸು. ನಿಜವಾಗಿ ಕಾಲಿನಿಂದ ಕಳಚಿ ಬೀಸಿದ್ದು ಒಮ್ಮೆ ಮಾತ್ರ, ಜಪಾನಿನ ಮತ್ಸುಯಾಮ ಎಂಬ ಊರಿನಲ್ಲಿ, ಹಬ್ಬದ ಬೆಳಿಗ್ಗೆ, ನನ್ನ ಗೆಳತಿಯ ಗಂಡನಿಗೆ. ಆ ಏಟು ಕೊನೆಗೆ ಎಲ್ಲಿ ಹೋಗಿ ಬಿತ್ತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಇಂಗ್ಲೆಂಡಿನ ಲೀಡ್ಸಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಒಬ್ಬ ಪೇಷೆಂಟಿಗೆ ಹತ್ತು ನಿಮಿಷ, ದಿನಕ್ಕೆ ಮೂವತ್ತಕ್ಕೂ ಹೆಚ್ಚು ಜನ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಬ್ರೆಕ್ಸಿಟ್ ವೋಟು ಮುಗಿದ ಆ ಬೇಸಿಗೆಯಲ್ಲಿ ಹೆಡಿಂಗ್ಲೀ ಬಸ್ಸಿನಲ್ಲಿ ಒಬ್ಬ ನನಗೆ ನಿನ್ನ ದೇಶಕ್ಕೆ ಹೋಗು ಎಂದ. ಅವನ ಸ್ಟಾಪ್ ಬರುವವರೆಗೂ ಬಿಡದೆ ಜಗಳವಾಡಿದೆ, ಇಳಿಯುವಾಗ ಅವನೇ ಸಾರಿ ಅಂದ. ನಮ್ಮ ಕನ್ನಡದ ಬಳಗದಲ್ಲಿ ನನ್ನನ್ನು ಹಿಂದಿನಿಂದ ಬಜಾರಿ ಅನ್ನುತ್ತಾರೆ, ಮುಂದಿನಿಂದ ಡಾಕ್ಟ್ರು ಅನ್ನುತ್ತಾರೆ. ನನ್ನ ಗಂಡನನ್ನು ಕಂಡರೆ ಎಲ್ಲರಿಗೂ ಪಾಪ ಅನ್ನಿಸುತ್ತದೆ.

ಗೆಳತಿ ಮೈಸೂರಿನವಳು. ಸ್ಟಾಕ್‌ಪೋರ್ಟಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಅವಳ ಗಂಡ ಇಂಜಿನಿಯರ್, ದಿನಾ ರೈಲಿನಲ್ಲಿ ಪಕ್ಕದ ದೊಡ್ಡ ಊರಿಗೆ ಹೋಗಿ ಬರುವವನು. ಅವನು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಯುಗಾದಿ ಕಾರ್ಯಕ್ರಮದ ನಿರೂಪಣೆ ಪ್ರತಿವರ್ಷ ಅವನದೇ. ಮಕ್ಕಳ ಹಾಡಿಗೆ ಮೊದಲು ಚಪ್ಪಾಳೆ ತಟ್ಟುವವನು ಅವನು, ಊಟವಾದ ಮೇಲೆ ಕುರ್ಚಿ ಮಡಚಿಡುವವನು ಅವನು. ಅಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ಹೆಂಗಸರು ಅನ್ನುತ್ತಿದ್ದರು. ನಾನೂ ಅಂದಿದ್ದೇನೆ, ಅವಳ ಎದುರಿಗೇ.

ನನ್ನ ಕೆಲಸದ ಇನ್ನೊಂದು ವಿಷಯ ಇಲ್ಲಿ ಹೇಳಬೇಕು. ನಮ್ಮ ಕ್ಲಿನಿಕ್ಕಿನ ಸ್ಟಾಫಿಗೆ ಪ್ರತಿವರ್ಷ ಒಂದು ತರಬೇತಿ ಇರುತ್ತದೆ: ಮನೆಯಲ್ಲಿ ಪೆಟ್ಟು ತಿನ್ನುವ ಹೆಂಗಸು ಬಂದರೆ ಏನು ಮಾಡಬೇಕು ಎಂದು. ಕೊಡುವವಳು ನಾನೇ. ಒಬ್ಬಳೇ ಇರುವಾಗ ಕೇಳಿ. ನೇರವಾಗಿ ಕೇಳಿ. ಅವಳು ಹೇಳಿದ ಮಾತನ್ನೇ ಬರೆದುಕೊಳ್ಳಿ. ಯಾವ ಕಾರಣಕ್ಕೂ ಗಂಡನನ್ನು ಎದುರು ಹಾಕಿಕೊಳ್ಳಬೇಡಿ. ನೀವು ಅವನಿಗೆ ಅಂದದ್ದಕ್ಕೆ ಉತ್ತರ ಕೊಡುವುದು ಮನೆಗೆ ಹೋಗುವ ಅವಳು. ಆರು ವರ್ಷ ಇದನ್ನು ಎದ್ದು ನಿಂತು ಪಾಠ ಮಾಡಿದ್ದೇನೆ.

ಮತ್ಸುಯಾಮಕ್ಕೆ ಹೋಗುವ ಯೋಚನೆ ಅವನದು. ಕಂಪನಿ ಕೆಲಸಕ್ಕೆಂದು ಹಿಂದೊಮ್ಮೆ ಹೋಗಿದ್ದನಂತೆ. ಅಕ್ಟೋಬರಿನ ಹಬ್ಬ, ಬಿಸಿನೀರಿನ ಬುಗ್ಗೆ, ಒಳ್ಳೆಯ ಊಟ, ಎರಡೂ ಜೋಡಿ ಹೋಗಿ ಬರೋಣ ಅಂದ. ಗೆಳತಿಗೆ ಶಾಲೆ ರಜ ಸಿಗುವ ಸಮಯವಲ್ಲ. ಅದನ್ನೂ ಅವನೇ ಹೆಡ್‌ಟೀಚರಿಗೆ ಬರೆದು ಒಪ್ಪಿಸಿದ. ಎಷ್ಟು ಪ್ರೀತಿ ನೋಡು ಅಂದೆ ನನ್ನ ಗಂಡನಿಗೆ.

ಊರು ಚೆಂದ. ಹಳೆಯ ಟ್ರಾಮು, ಗುಡ್ಡದ ಮೇಲೆ ಕೋಟೆ, ಬೀದಿಗೊಂದು ಕಿತ್ತಳೆ ರಸದ ಅಂಗಡಿ. ನಾನು ಮೀನು ತಿನ್ನುತ್ತೇನೆ, ಅನ್ನದ ಜೊತೆ ಬೇಯಿಸಿದ ಮೀನನ್ನು ಮೂರು ದಿನ ಬಿಡದೆ ತಿಂದೆ. ಗೆಳತಿ ಸಸ್ಯಾಹಾರಿ, ಅಲ್ಲಿ ಸಾರಿನಲ್ಲೂ ಮೀನು. ಬರೀ ಅನ್ನಕ್ಕೆ ಮನೆಯಿಂದ ತಂದ ಚಟ್ನಿಪುಡಿ ಕಲಸಿಕೊಂಡು, ಬಡಿಸುವ ಹುಡುಗಿಗೂ ಒಂದು ಚಿಟಿಕೆ ಕೊಟ್ಟು, ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಗುನಗುತ್ತಾ ನಮಗೆ ವರ್ಣಿಸುತ್ತಿದ್ದಳು. ಅವನು ಮೆಲ್ಲಗೆ ಅವಳ ಮುಂಗೈ ಮೇಲೆ ಎರಡು ಬೆರಳಿಟ್ಟು "ಸಾಕು" ಅಂದ. ಅವಳ ಮಾತು ಅಲ್ಲಿಗೇ ನಿಂತಿತು, ವಾಕ್ಯವೂ ಮುಗಿಯಲಿಲ್ಲ. ನಾನು ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದೆ.

ನಾವಿದ್ದ ವಸತಿಗೃಹದಲ್ಲೇ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಸ್ನಾನದ ಕೊಳಗಳಿದ್ದವು. ಅಲ್ಲಿನ ರೂಢಿ ಎಂದರೆ ಮೈಮೇಲೆ ಒಂದು ದಾರವೂ ಇರಕೂಡದು. ಒರೆಸಿಕೊಳ್ಳುವ ಸಣ್ಣ ಟವೆಲನ್ನು ಕೂಡ ನೀರಿಗೆ ತಾಗಿಸುವಂತಿಲ್ಲ, ಮಡಚಿ ತಲೆಯ ಮೇಲಿಟ್ಟುಕೊಳ್ಳಬೇಕು. ಗೆಳತಿ ಮೊದಲ ದಿನ ತಲೆನೋವು ಅಂದಳು. ಎರಡನೆಯ ದಿನ ಮುಟ್ಟು ಅಂದಳು. ಮೂರನೆಯ ಸಂಜೆ ನಾನು ಬಿಡಲಿಲ್ಲ. ನನಗೆ ಪ್ರೀತಿ ಬಂದಾಗ, ಸಿಟ್ಟು ಬಂದಾಗ ನಮ್ಮ ಕಡೆಯ ಮಾತು ತಾನಾಗಿ ಹೊರಬೀಳುತ್ತದೆ.

"ಇಷ್ಟು ದೂರ ಬಂದು ಬಕೆಟ್ ಸ್ನಾನ ಮಾಡ್ತೀಯೇನು? ನಿನಗಿರೋದ ನನಗೂ ಐತಿ. ನಡಿ ಸುಮ್ನ."

"ಬೇಡ ಕಣೇ. ಬಿಡು."

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಕೊಳದಲ್ಲಿ ಒಬ್ಬ ಅಜ್ಜಿ ಬಿಟ್ಟರೆ ಬೇರೆ ಯಾರಿಲ್ಲ ನೋಡು ಎಂದು ನಾನೇ ನಗುತ್ತಾ ಅವಳ ನಿಲುವಂಗಿಯ ಸೊಂಟದ ಪಟ್ಟಿ ಎಳೆದುಬಿಟ್ಟೆ. ಹದಿನೈದು ವರ್ಷದ ಸ್ನೇಹ, ತಮಾಷೆ ಎಂದುಕೊಂಡಿದ್ದೆ. ಅವಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿದಳು. ಎದೆಯನ್ನಲ್ಲ, ತಲೆಯನ್ನು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಬೆನ್ನಿನ ತುಂಬ ಬಾಸುಂಡೆ. ಡಾಕ್ಟರಾದವಳಿಗೆ ಬಣ್ಣ ನೋಡಿದರೆ ಅಂದಾಜು ಸಿಗುತ್ತದೆ: ಹಳದಿ ತಿರುಗಿದ್ದು ಹಳೆಯದು, ನೇರಳೆ ಬಣ್ಣದ್ದು ಈ ವಾರದ್ದು, ಎಂದರೆ ವಿಮಾನ ಹತ್ತುವ ಮುಂಚಿನದು. ಬೆಲ್ಟಿನ ಬಕಲ್ ಕೂತ ಗುರುತು ಎರಡು ಕಡೆ. ಪಕ್ಕೆಲುಬೊಂದು ಮುರಿದು ವಕ್ರವಾಗಿ ಕೂಡಿಕೊಂಡಿತ್ತು. ಎಲ್ಲ ಚೂಡಿದಾರದೊಳಗೆ ಮುಚ್ಚಿಹೋಗುವ ಜಾಗದಲ್ಲೇ. ಎರಡು ಯುಗಾದಿಯಿಂದ ಅವಳು ಸೀರೆ ಉಡುವುದನ್ನು ಬಿಟ್ಟಿದ್ದಳು, ಇಂಗ್ಲೆಂಡಿನ ಚಳಿಗೆ ಎಂದಿದ್ದಳು, ನಾನು ನಂಬಿದ್ದೆ. ಕೈಗೆ ಸಿಕ್ಕಿದ ಮರದ ಬಕೆಟ್ಟನ್ನು ನಾನು ಗೋಡೆಗೆ ಎಸೆದೆ. ಅವಳು ಮತ್ತೆ ಬೆಚ್ಚಿದಳು.

ಕೊನೆಗೆ ಅವಳೇ ಎದ್ದು ಹೋಗಿ ನೀರಿಗಿಳಿದಳು, ಇನ್ನೇನು ಮುಚ್ಚಿಡುವುದು ಎಂಬಂತೆ. ಅಜ್ಜಿ ನೋಡಿದಳು. ತನ್ನ ತಲೆಯ ಮೇಲಿದ್ದ ಟವೆಲ್ ಬಿಡಿಸಿ, ಬಿಸಿನೀರಿನಲ್ಲಿ ಅದ್ದಿ, ಗೆಳತಿಯ ಹೆಗಲ ಮೇಲೆ ಹೊದಿಸಿದಳು. ನೀರಿಗೆ ಟವೆಲ್ ತಾಗಿಸಬಾರದು ಎಂಬ ಚಿತ್ರ ಅವಳ ತಲೆಯ ಹಿಂದೆಯೇ ಗೋಡೆಯ ಮೇಲಿತ್ತು. ನನ್ನ ಗೆಳತಿ ಆಗ ಅತ್ತಳು.

"ಏನೂ ಮಾಡಬೇಡ," ಅಂದಳು. "ಕೈ ಮುಗಿದು ಕೇಳ್ತೀನಿ. ವಾಪಸ್ ಹೋದ ಮೇಲೆ ನಾನೇ ನಿನ್ನ ಹತ್ರ ಬರ್ತೀನಿ. ಪಾಸ್‌ಪೋರ್ಟ್ ಅವರ ಹತ್ರ ಇದೆ, ನಾನು ಅವರ ಜೊತೆನೇ ಮನೆಗೆ ಹೋಗಬೇಕು. ನಿನ್ನ ಬಾಯಿ ನನಗೆ ಗೊತ್ತು. ಪ್ರಾಮಿಸ್ ಮಾಡು."

ಮಾಡಿದೆ. ಅವಳ ತಲೆ ಮುಟ್ಟಿ ಮಾಡಿದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹಬ್ಬ. ದೇವರನ್ನು ಕೂರಿಸಿದ ಭಾರಿ ಪಲ್ಲಕ್ಕಿಗಳನ್ನು ಹೊತ್ತ ಎರಡು ಗುಂಪು ಎದುರುಬದುರು ಓಡಿ ಬಂದು ಡಿಕ್ಕಿ ಹೊಡೆಯುವುದೇ ಅಲ್ಲಿನ ಆಚರಣೆ. ಒಂದೊಂದು ಸಲ ತಾಗಿದಾಗಲೂ ಮರ ಸಿಡಿಯುವ ಸದ್ದು. ಮೇಲೆ ನಿಂತವನೊಬ್ಬ ಕೆಳಗೆ ಬಿದ್ದ, ಎದ್ದ, ಮೂಗಿನ ರಕ್ತವನ್ನು ತೋಳಿಗೆ ಒರೆಸಿಕೊಂಡು ಮತ್ತೆ ಹತ್ತಿದ. ಗಂಡಸರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಒಬ್ಬನನ್ನು ಸ್ಟ್ರೆಚರಿನಲ್ಲಿ ನಮ್ಮ ಪಕ್ಕದಲ್ಲೇ ಒಯ್ದರು. ನಿಜ ಹೇಳಬೇಕೆಂದರೆ ನನಗೆ ಹಿತವಾಗಿತ್ತು. ರಾತ್ರಿಯಿಡೀ ಹಲ್ಲು ಕಚ್ಚಿ ಮಲಗಿದ್ದವಳಿಗೆ ಯಾರೋ ಯಾರಿಗೋ ಗುದ್ದುತ್ತಿದ್ದಾರಲ್ಲ ಅನ್ನಿಸಿ ಹಿತವಾಗಿತ್ತು.

ಅವನು ನನ್ನ ಎಡಕ್ಕೆ ನಿಂತಿದ್ದ. ಗೆಳತಿ ಅವನ ಆಚೆಗೆ. ಅವನು ನನ್ನ ಕಡೆ ಬಾಗಿ, ವೇದಿಕೆಯ ಮೇಲಿನ ಅದೇ ದನಿಯಲ್ಲಿ ಹೇಳಿದ: "ನೋಡಿ ಡಾಕ್ಟ್ರೇ, ಹೊಡೆಯೋದಕ್ಕೂ ಒಂದು ಶಿಸ್ತು ಬೇಕು. ಎಲ್ಲಿ ಹೊಡೀಬೇಕು, ಎಷ್ಟು ಹೊಡೀಬೇಕು ಅಂತ."

ನನ್ನ ಕಾಲಲ್ಲಿ ವಸತಿಗೃಹದವರು ಕೊಟ್ಟ ಮರದ ಮೆಟ್ಟುಗಳಿದ್ದವು. ಬಲಗಾಲಿನದನ್ನು ಕಳಚಿದ್ದು ನನಗೆ ನೆನಪಿಲ್ಲ. ಎಡ ಕೆನ್ನೆಗೆ ಎರಡು ಏಟು, ಎರಡೂ ಸರಿಯಾಗಿ ಬಿದ್ದವು. ಕನ್ನಡಕ ಹಾರಿತು. "ಹೆಂಡತಿ ಮೈಮ್ಯಾಲ ಬೆಲ್ಟ್ ಆಡಸ್ತೀಯೇನು, ಹಲ್ಕಟ್ಟ ಸೂಳೇಮಗನ," ಅಂದೆ. ಜನರೆಲ್ಲ ಪಲ್ಲಕ್ಕಿಯ ಕಡೆ ನೋಡುತ್ತಿದ್ದರು. ಆ ಗದ್ದಲದಲ್ಲಿ ಇದನ್ನು ಕಂಡವರು ಮೂವರೇ: ನನ್ನ ಗಂಡ, ಗೆಳತಿ, ಮತ್ತು ಪೆಟ್ಟು ತಿಂದವನು.

ಅವನು ಕೈ ಎತ್ತಲಿಲ್ಲ. ಕನ್ನಡಕ ಹುಡುಕಿ ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡ. "ಡಾಕ್ಟ್ರಿಗೆ ಬಿಪಿ ಜಾಸ್ತಿ ಆಗಿದೆ," ಎಂದು ನನ್ನ ಗಂಡನಿಗೆ ಹೇಳಿ ನಕ್ಕ. ನನ್ನ ಗೆಳತಿಯನ್ನು ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ಕೃತಜ್ಞತೆಯಂತೂ ಇರಲೇ ಇಲ್ಲ. ಎರಡು ಎಂದು ಎಣಿಸಿಕೊಂಡವಳ ಮುಖ ಅದು. ಆಗ ನನಗೆ ಅರ್ಥವಾಗಲಿಲ್ಲ, ಗೆದ್ದೆ ಎಂದುಕೊಂಡಿದ್ದೆ.

ಅದೇ ದಿನ ಅವರಿಬ್ಬರೂ ಟಿಕೆಟ್ ಬದಲಿಸಿಕೊಂಡು ಹೊರಟುಹೋದರು. ಲೀಡ್ಸಿಗೆ ಬಂದ ಮೇಲೆ ನಾನು ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಮೆಸೇಜಿಗೆ ಹೆಬ್ಬೆರಳಿನ ಚಿತ್ರ ಮಾತ್ರ ಬರುತ್ತಿತ್ತು. ಪೊಲೀಸರಿಗೆ ಹೇಳೋಣವೆಂದರೆ ಅವಳಿಗೆ ಕೊಟ್ಟ ಮಾತು ಒಂದು ಸಲ ಮುರಿದಿದ್ದೆ, ಇನ್ನೊಂದು ಸಲ ಮುರಿಯಲು ಕೈ ಬರಲಿಲ್ಲ. ಪೇಷೆಂಟಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಮೂರು ವಾರ ಹೀಗೇ ಹೋಯಿತು. ಆಮೇಲೆ ಬಳಗದ ಗುಂಪಿನಲ್ಲಿ ಅವನ ಮೆಸೇಜ್: ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದಾಳೆ, ಆಪರೇಷನ್ ಆಗಿದೆ, ಎಲ್ಲರ ಪ್ರಾರ್ಥನೆ ಇರಲಿ. ಕೆಳಗೆ ಮೂವತ್ತು ಜನ ಕೈಮುಗಿದ ಚಿತ್ರ ಹಾಕಿದ್ದರು.

ಕಾರು ನಡೆಸಿದ್ದು ನನ್ನ ಗಂಡ. ಅವನು ಮಾತು ಕಡಿಮೆ ಆಡುವವನು. ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ಇಳಿಸುತ್ತಾ ಹೇಳಿದ: "ನೀ ಅವನನ್ನ ಇನ್ನೊಮ್ಮೆ ಹೊಡದ್ರ ಇಕಿ ಸಾಯ್ತಾಳ. ಅಷ್ಟ ನೆನಪಿಟ್ಕೊ."

ವಾರ್ಡಿನಲ್ಲಿ ಗೆಳತಿಯ ಗಂಡ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ. ಅವಳ ಎಡ ಕೆನ್ನೆಯ ಮೂಳೆ ಮುರಿದಿತ್ತು, ದವಡೆ ಎರಡು ಕಡೆ ಮುರಿದಿತ್ತು, ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರು. ಕಿತ್ತಳೆ ತಿನ್ನುವುದು ಅವಳಿಂದ ಸಾಧ್ಯವೇ ಇರಲಿಲ್ಲ. ಅವನು ಒಂದೊಂದೇ ತೊಳೆ ಬಿಡಿಸಿ ಸಾಲಾಗಿ ಇಡುತ್ತಿದ್ದ.

"ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ."

ಅವನ ಕುತ್ತಿಗೆ ನನ್ನ ಕೈಗೆ ಒಂದು ಅಡಿ ದೂರದಲ್ಲಿತ್ತು. ಪಕ್ಕದಲ್ಲಿ ಡ್ರಿಪ್ಪಿನ ಕಬ್ಬಿಣದ ಸ್ಟ್ಯಾಂಡಿತ್ತು. ಎರಡನ್ನೂ ನೋಡಿದೆ. ಬೇಕಾಗಿದ್ದದ್ದು ಅವಳ ಜೊತೆ ಹತ್ತು ನಿಮಿಷ, ಅಷ್ಟೇ. ಅವನಾಗಿ ಎದ್ದು ಹೋಗಬೇಕು, ಖುಷಿಯಿಂದ ಹೋಗಬೇಕು. ನಾನು ಕೈಚೀಲ ಕೆಳಗಿಟ್ಟು, ಅವನ ಮುಂದೆ ಎರಡೂ ಕೈ ಜೋಡಿಸಿದೆ.

"ಆವತ್ತು ನಂದು ತಪ್ಪಾಯ್ತು. ನೀವು ದೊಡ್ಡೋರು, ಹೊಟ್ಟೆಗೆ ಹಾಕ್ಕೊಳ್ಳಿ."

ಹುಟ್ಟಿದಾಗಿನಿಂದ ನಾನು ಯಾರಿಗೂ ಹಾಗೆ ಅಂದವಳಲ್ಲ. ನಾಲಿಗೆ ಕಚ್ಚಿಕೊಂಡಿದ್ದೆ, ಬಾಯಲ್ಲಿ ಉಪ್ಪುಪ್ಪಾಗಿ ರಕ್ತ ಬಂದಿತ್ತು. ಅವನು ಹೆಂಡತಿಯ ಕಡೆ ಒಮ್ಮೆ ನೋಡಿದ, ಕಂಡೆಯಾ ಎಂಬಂತೆ. ಅವನ ಮುಖ ಅರಳಿತು.

"ಅಯ್ಯೋ, ಮನೆಯೋರ ಮಧ್ಯೆ ಇದೆಲ್ಲ ಇದ್ದದ್ದೇ. ಕಾಫಿ ತರ್ತೀನಿ, ಕೂತಿರಿ. ನಿಮಗೆ ಒಂದೂವರೆ ಚಮಚ ಸಕ್ಕರೆ ಅಲ್ವಾ?"

ಅವನ ಹೆಜ್ಜೆ ಲಿಫ್ಟಿನ ತನಕ ಹೋದದ್ದನ್ನು ಕೇಳಿಸಿಕೊಂಡು ಪರದೆ ಎಳೆದೆ. ಗಂಟೆ ಒತ್ತಿ ನರ್ಸನ್ನು ಕರೆದೆ, ಪೆನ್ನು ತೆಗೆದುಕೊಳ್ಳಿ ಅಂದೆ. ಗೆಳತಿ ತಂತಿಯ ಸಂದಿಯಿಂದ ಏನೋ ಹೇಳುತ್ತಿದ್ದಳು. ಬಾಗಿ ಕಿವಿ ಇಟ್ಟೆ.

"ಎರಡೇ ಹೊಡೆದ್ರು. ಲಟ್ಟಣಿಗೆಯಲ್ಲಿ. ಇದು ನಂದಲ್ಲ, ನಿನ್ನ ಫ್ರೆಂಡ್ ಕೊಟ್ಟಿದ್ದು, ವಾಪಸ್ ಮಾಡ್ತಿದೀನಿ ಅಂದ್ರು."

ಅಳಲು ಸಮಯವಿರಲಿಲ್ಲ. ಅವಳು ನನ್ನ ಬೆರಳು ಹಿಡಿದು ಎಳೆದಳು.

"ಬೇರೆಯವರಿಗೆ ಕೇಳ್ತೀಯಲ್ಲ, ಅದನ್ನ ನನ್ನ ಕೇಳು."

ಆ ಪ್ರಶ್ನೆಯನ್ನು ನಾನು ಸಾವಿರ ಸಲ ಇಂಗ್ಲಿಷಿನಲ್ಲಿ ಕೇಳಿದ್ದೇನೆ. ಕನ್ನಡದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹದಿನೈದು ವರ್ಷ ಇವಳ ಕೈಯಡಿಗೆ ಉಂಡಿದ್ದೆ, ಇವಳನ್ನು ಕೇಳಿರಲಿಲ್ಲ.

"ಮನೇಲಿ ನಿನ್ನ ಯಾರಾದ್ರೂ ಹೊಡೀತಾರಾ?"

ಅವಳು ಉತ್ತರವನ್ನು ನನಗೆ ಕೊಡಲಿಲ್ಲ. ನರ್ಸಿನ ಕಡೆ ತಿರುಗಿ, ಒಂದೊಂದೇ ಶಬ್ದವನ್ನು ತಂತಿಯ ಒಳಗಿಂದ ತಳ್ಳಿದಳು. "ಮೈ ಹಸ್ಬೆಂಡ್. ಇಲೆವೆನ್ ಇಯರ್ಸ್."

ನರ್ಸ್ ಬರೆದುಕೊಂಡಳು. ಆಮೇಲೆ ನನ್ನನ್ನು ನೋಡಿ, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು.

ಮುಂದೆ ಪೊಲೀಸರು ಕೇಳಿದಾಗಲೂ ನಾನು ಕೊಟ್ಟ ಉತ್ತರ ಇದೇ. "ಗೆಳತಿ," ಅಂದೆ. "ಮೊದಲ ಎರಡು ಏಟು ಹೊಡೆದವಳು ನಾನು. ಅದನ್ನೂ ಬರೆದುಕೊಳ್ಳಿ."

ನರ್ಸ್ ಬರೆಯುತ್ತಿರುವಾಗಲೇ ಪರದೆಯ ಆಚೆ ಅವನ ದನಿ ಕೇಳಿಸಿತು, ಮೆತ್ತಗೆ, ಕಾಫಿ ತಂದಿದ್ದೇನೆ ಎಂದು. ಗೆಳತಿ ಎರಡೂ ಕೈ ಎತ್ತಿ ತಲೆ ಮುಚ್ಚಿಕೊಂಡಳು. ನರ್ಸ್ ಅದನ್ನು ನೋಡಿದಳು, ಪೆನ್ನು ಜೇಬಿಗಿಟ್ಟಳು, ಪರದೆಯ ಹೊರಗೆ ಹೋಗಿ ನಿಂತಳು. ಇನ್ನು ನಿಮಗೆ ಒಳಗೆ ಪ್ರವೇಶವಿಲ್ಲ ಎಂದು ಅವಳು ಅವನಿಗೆ ಹೇಳುವುದು ಕೇಳಿಸುತ್ತಿತ್ತು. ನಾನು ನನ್ನ ಹೆಗಲ ಮೇಲಿನ ಶಾಲು ತೆಗೆದು ಗೆಳತಿಯ ಹೆಗಲಿಗೆ ಹೊದಿಸಿ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ.