ಕೋಟೆಯ ಗೋಡೆಯ ಮೇಲಿನ ದೀಪ

ಆ ದೀಪವನ್ನು ಹಚ್ಚಿದ್ದು ರಾಣಿಯಲ್ಲ. ನಾನು.

ಸಿನಿಮಾ ನೋಡಿದವರಿಗೆ ಯಾವ ದೀಪವೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ರೇಷ್ಮೆಯುಟ್ಟ ರಾಣಿ ಕೋಟೆಯ ಗೋಡೆಯ ಮೇಲೆ ನಿಧಾನವಾಗಿ ನಡೆದು ಬರುತ್ತಾಳೆ, ಸೆರಗು ಪರದೆಯ ತುಂಬ ಹಾರುತ್ತದೆ, ಮಳೆಹನಿಗಳು ಗಾಳಿಯಲ್ಲೇ ನಿಂತುಬಿಡುತ್ತವೆ — ಆಕೆ ಗೋಡೆಯ ಗೂಡಿನಲ್ಲಿ ಒಂದು ದೀಪ ಇಡುತ್ತಾಳೆ. ಕೆಳಗಿನ ಕಾಡಿನಲ್ಲಿ ಕಾದು ಕುಳಿತ ಶತ್ರು ಸೈನ್ಯಕ್ಕೆ ಅದು ಸನ್ನೆ. ಕೋಟೆ ಬೀಳುತ್ತದೆ. ಸಾಗರದ ಟಾಕೀಸಿನಲ್ಲಿ ಜನ ಆ ದೃಶ್ಯಕ್ಕೆ ಶಿಳ್ಳೆ ಹೊಡೆದರು.

ನಮ್ಮ ಹೊಸನಗರದ ಕಡೆಯ ಆ ರಾಣಿ ಗಂಡ ತೀರಿಕೊಂಡ ಮೇಲೆ ರಾಜ್ಯ ನೋಡಿಕೊಂಡವಳು. ಕೋಟೆ ಬಿದ್ದದ್ದು ನಿಜ. ಆದರೆ ಆಕೆ ಶತ್ರುವಿಗೆ ದೀಪ ತೋರಿಸಿದಳೆಂದು ಯಾವ ಶಾಸನದಲ್ಲೂ ಇಲ್ಲ, ಯಾವ ಅಜ್ಜಿಯ ಬಾಯಲ್ಲೂ ನಾನು ಕೇಳಿಲ್ಲ. ಅದು ಹುಟ್ಟಿದ್ದು ಸಾಗರದ ಒಂದು ಸಭಾಭವನದಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ನನ್ನ ನಾಲಿಗೆಯ ತುದಿಯಲ್ಲಿ.

ನಾನು ಸುಬ್ರಾಯ ಭಟ್ಟ. ಹೊಟ್ಟೆಪಾಡಿಗೆ ಪಾತ್ರೆ ಅಂಗಡಿ, ಪ್ರಾಣವೆಲ್ಲ ತಾಳಮದ್ದಳೆಯಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಯಕ್ಷಗಾನದ ಕಥೆಯನ್ನೇ, ಅಂದರೆ ಪ್ರಸಂಗವನ್ನೇ, ವೇಷವಿಲ್ಲದೆ, ಕುಣಿತವಿಲ್ಲದೆ ಕೂತು ಆಡುವುದು. ಭಾಗವತರು ಪದ ಹಾಡುತ್ತಾರೆ. ನಾವು ಅರ್ಥಧಾರಿಗಳು ಆ ಪದಕ್ಕೆ ನಮ್ಮದೇ ಮಾತಿನಲ್ಲಿ ಅರ್ಥ ಹೇಳುತ್ತೇವೆ, ಎದುರಿನ ಪಾತ್ರದೊಡನೆ ವಾದಕ್ಕೆ ಇಳಿಯುತ್ತೇವೆ. ಮಾತು ಬರೆದುಕೊಂಡು ಬರುವಂತಿಲ್ಲ. ಬಾಯಿಗೆ ಬಂದದ್ದೇ ಬಂಡವಾಳ. ಈ ಕೆಲಸದಲ್ಲಿ ನಾನು ಗಟ್ಟಿಗ — ಈ ಬರಹದಲ್ಲಿ ಹುಸಿ ವಿನಯಕ್ಕೆ ಜಾಗವಿಲ್ಲ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಎದುರಾಳಿಯ ಮಾತಿಗೆ ಉತ್ತರವಿಲ್ಲದೆ ಸುಬ್ರಾಯ ತಡವರಿಸಿದ್ದನ್ನು ಸಾಗರ ನೋಡಿರಲಿಲ್ಲ.

ಅವತ್ತು ನೋಡುವುದರಲ್ಲಿತ್ತು. ರಾಣಿಯ ಪಾತ್ರಕ್ಕೆ ನಾಗವೇಣಿ ಕೂತಿದ್ದರು. ನಿಟ್ಟೂರಿನ ಕಡೆಯವರು, ಹೈಸ್ಕೂಲು ಮೇಷ್ಟ್ರು — ಹೆಂಗಸಾದರೂ ಊರಿನವರು ಅವರನ್ನು ಮೇಷ್ಟ್ರೆಂದೇ ಕರೆಯುತ್ತಾರೆ. ನಮ್ಮ ಕೂಟದಲ್ಲಿ ಗಂಡಸರ ಸಮಕ್ಕೆ ಕೂತ ಮೊದಲ ಹೆಂಗಸು. ಎರಡು ಬಸ್ಸು ಬದಲಿಸಿ ಬಂದಿದ್ದರು. ನಾನು ರಾಣಿಯ ಮೇಲೆ ದ್ರೋಹದ ಆರೋಪ ಹೊರಿಸುವ ಮಂತ್ರಿ. ಆಕೆ ಒಂದೊಂದೇ ಪ್ರಶ್ನೆ ಹಾಕಿ ನನ್ನನ್ನು ಗೋಡೆಗೆ ಒತ್ತಿದರು. ಅರಮನೆಯ ಬೊಕ್ಕಸ ಯಾರ ಕೈಯಲ್ಲಿತ್ತು? ಬಾಗಿಲ ಕಾವಲಿಗೆ ಯಾರ ನೆಂಟರಿದ್ದರು? ಕೊನೆಗೆ ಕೇಳಿದರು: "ಕೋಟೆಯ ಬಾಗಿಲು ತೆರೆಸಿದವಳು ನಾನೆನ್ನುವುದಕ್ಕೆ ನಿನ್ನ ಬಳಿ ಸಾಕ್ಷಿ ಏನಿದೆ, ಮಂತ್ರಿ?"

ಅಂಥ ಸಾಕ್ಷಿ ಕಥೆಯಲ್ಲೇ ಇರಲಿಲ್ಲ. ಮದ್ದಳೆಯವನು ನನ್ನ ಮುಖ ನೋಡಿದ. ಆಗ — ಎಲ್ಲಿಂದ ಬಂತೋ — ಅಂದುಬಿಟ್ಟೆ:

"ಹಾಗಾದರೆ ಆ ರಾತ್ರಿ ಕೋಟೆಯ ಗೋಡೆಯ ಮೇಲೆ ದೀಪ ಇಟ್ಟವರು ಯಾರು, ತಾಯೇ?"

ಸಭೆ ಚಪ್ಪಾಳೆ ತಟ್ಟಿತು. ನಾಗವೇಣಿ ಮೈಕಿನಲ್ಲೇ, ರಾಣಿಯ ಮಾತು ಬಿಟ್ಟು ತಮ್ಮ ಮಾತಿನಲ್ಲಿ ಅಂದರು: "ಇದು ಪ್ರಸಂಗದಲ್ಲಿ ಇಲ್ವಲ್ಲ ಭಟ್ರೇ?"

ಪಾತ್ರ ಬಿಟ್ಟು ಮಾತಾಡಿದವರು ಸೋತ ಹಾಗೆ. ನಮ್ಮಲ್ಲಿ ಅದೇ ಲೆಕ್ಕ. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಇಲ್ಲಿಗೇ ನಿಂತಿದ್ದರೆ ಅದು ಆಟದ ಮಾತು. ಕೂಟದಲ್ಲಿ ಇಂಥವು ನಡೆಯುತ್ತವೆ, ಚಹಾ ಕುಡಿಯುವಾಗ ಮುಗಿಯುತ್ತವೆ. ಆದರೆ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಅದು ಊರೂರು ಸುತ್ತಿ, ರಾಣಿಯ ಮೇಲೆ ಸಿನಿಮಾ ಮಾಡಲು ಹೊರಟಿದ್ದ ನಿರ್ದೇಶಕನನ್ನು ಮುಟ್ಟಿತು. ಆತ ಅದುವರೆಗೆ ನಾಗವೇಣಿ ಹೇಳಿದ ದಾರಿಯಲ್ಲೇ ಇದ್ದ. ಆಕೆ ವರ್ಷಗಟ್ಟಲೆ ಹಳ್ಳಿ ಸುತ್ತಿ, ಮುದುಕಿಯರನ್ನು ಮಾತಾಡಿಸಿ ಕೂಡಿಸಿದ ಕಥೆ — ಕೊನೆಯವರೆಗೂ ಕೋಟೆ ಬಿಡದ ರಾಣಿಯ ಕಥೆ. ಅದನ್ನೇ ಪರದೆಗೆ ತರುತ್ತೇನೆಂದು ಮಾತು ಕೊಟ್ಟಿದ್ದನಂತೆ.

ಆತ ನನ್ನ ಅಂಗಡಿಗೆ ಬಂದ. ಜೊತೆಗೆ ನಾಗವೇಣಿಯೂ ಬಂದಿದ್ದರು. ಸ್ಟೀಲು ಕೊಡಪಾನಗಳ ನಡುವೆ ಎರಡು ಸ್ಟೂಲು ಹಾಕಿ ಕೂರಿಸಿದೆ. ಆತ ಕೇಳಿದ: "ಸರ್, ಆ ದೀಪದ ಕಥೆ ನಿಜವಾಗ್ಲೂ ಇಲ್ಲಿಯ ಜನ ಹೇಳೋದಾ?"

ನಾಗವೇಣಿ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಭರವಸೆಯಿತ್ತು — ಕೂಟದ ಮಾತು ಕೂಟಕ್ಕೆ, ಇಲ್ಲಿ ಈತ ನಿಜ ಹೇಳುತ್ತಾನೆ ಎನ್ನುವ ಭರವಸೆ. "ಇಲ್ಲ, ನಾನು ಕಟ್ಟಿದ್ದು" ಅಂದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ ಅವತ್ತು ನಾನು ಗೆದ್ದದ್ದು —

"ನಮ್ಮ ಕಡೆ ಹಾಗೇ ಹೇಳ್ತಾರೆ" ಅಂದೆ.

"ಯಾರು ಹೇಳ್ತಾರೆ ಭಟ್ರೇ?" ನಾಗವೇಣಿ ಮೆಲ್ಲಗೆ ಕೇಳಿದರು.

"ಹಳೇ ಅರ್ಥಧಾರಿಗಳು. ನೀವು ಹೊಸಬ್ರು, ನಿಮಗೆ ಗೊತ್ತಿರಲಿಕ್ಕಿಲ್ಲ."

ಆಕೆ ಎದ್ದು ಹೋದರು. ಚಹಾ ಕುಡಿಯಲಿಲ್ಲ. ಆಮೇಲೆ ಯಾವ ಕೂಟಕ್ಕೂ ಬರಲಿಲ್ಲ, ಕರೆಯುವವರೂ ಕಡಿಮೆಯಾದರು. ರಾಣಿಯನ್ನು ಕಾಪಾಡಲಾಗದ ರಾಣಿ ಎಂದು ಯಾರೋ ಹಾಸ್ಯ ಮಾಡಿದರು. ಆ ಹಾಸ್ಯ ನನ್ನದೇ ಇರಬಹುದು. ನೆನಪಿಲ್ಲ ಅಂದರೆ ನಂಬಬೇಡಿ.

ಸಿನಿಮಾ ಬಂತು. ಆಗುಂಬೆಯಲ್ಲಿ ಚಿತ್ರೀಕರಣ ಮಾಡಿದ್ದರು, ಮಂಜು ಪುಕ್ಕಟೆ ಸಿಕ್ಕಿತ್ತು. ಜನ ತಪ್ಪು ತಿಳಿದ ರಾಣಿಯ ನಿಜವಾದ ಕಥೆ ಎಂದು ಪೋಸ್ಟರು. ಪ್ರೇಮಕ್ಕಾಗಿ ದೀಪ ಹಚ್ಚಿದಳು, ಅವಳ ಮನಸ್ಸು ಯಾರಿಗೂ ಅರ್ಥವಾಗಲಿಲ್ಲ ಎಂದು ನಿರ್ದೇಶಕ ಮರುಕ ಬೇರೆ ಸುರಿಸಿದ್ದ. ಮಾಡದ ತಪ್ಪಿಗೆ ಕ್ಷಮೆ! ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರಿತ್ತು, ನಾಗವೇಣಿಯ ಹೆಸರಿರಲಿಲ್ಲ. ಹೊರಗೆ ಬರುವಾಗ ನನ್ನ ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತಾ ಅಂದಳು: "ಆ ದೀಪ ನಿಮ್ದೇ ಹೇಳಿ ಎಂಗೆ ಗೊತ್ತಿದ್ದು." ಅದು ನಾನೇ ಕಟ್ಟಿದ್ದೆಂದು ಅವಳಿಗೆ ಮೊದಲೇ ತಿಳಿದಿತ್ತು. ಮತ್ತೇನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು.

ನನ್ನನ್ನು ಅಲುಗಿಸಿದ್ದು ಈ ವರ್ಷ. ನೆಂಟರ ಜೊತೆ ಕೋಟೆ ನೋಡಲು ಹೋಗಿದ್ದೆ. ಅಲ್ಲಿ ಕೋಟೆ ತೋರಿಸುವ ಹುಡುಗಿಯೊಬ್ಬಳು ಪ್ರವಾಸದ ಶಾಲಾಮಕ್ಕಳಿಗೆ ಗೋಡೆಯ ಒಂದು ಗೂಡು ತೋರಿಸುತ್ತಿದ್ದಳು: "ಇಲ್ಲೇ ರಾಣಿ ದೀಪ ಇಟ್ಟಿದ್ದು. ಮಸಿ ನೋಡಿ, ಇನ್ನೂ ಇದೆ." ನೋಡಿದೆ. ನಿಜವಾಗಿಯೂ ಮಸಿಯಿತ್ತು! ಮೊಬೈಲಿನಲ್ಲಿ ರೀಲು ಮಾಡುವವರು ದೀಪ ಹಚ್ಚಿ ಹಚ್ಚಿ ಕಲ್ಲು ಕಪ್ಪಾಗಿತ್ತು. ಒಬ್ಬ ಹುಡುಗ ಗೂಡಿನೊಳಗೆ ಉಗಿದು "ಮೋಸಗಾತಿ" ಅಂದ. ಜೊತೆಗಿದ್ದ ಅವರ ಶಾಲೆಯ ಮೇಷ್ಟ್ರು ಗದರಲಿಲ್ಲ. ಆ ಉಗುಳು ನನ್ನ ಮುಖಕ್ಕೆ ಬೀಳಬೇಕಾದದ್ದು.

ನಿರ್ದೇಶಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆತ ನಕ್ಕ. "ಬಿಡಿ ಸರ್, ಈಗ ಅದು ಜನಪದ ಆಗಿಹೋಗಿದೆ." ಅದರಲ್ಲಿ ಸುಳ್ಳೂ ಇಲ್ಲ.

ಆಮೇಲೆ ನಾಗವೇಣಿಗೆ ಮಾಡಿದೆ. ಆಕೆಗೂ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ.

"ತಪ್ಪಾಯ್ತು ಅಂತ ನಂಗೊಬ್ಳಿಗೆ ಹೇಳಿದ್ರೆ ಎಂತ ಬಂತು ಭಟ್ರೇ?" ಅಂದರು. "ನೀವು ದೀಪ ಹಚ್ಚಿದ್ದು ಸಭೇಲಿ."

ಆಕೆಯೇ ಮುಂದುವರಿಸಿದರು: "ತೀರ್ಥಹಳ್ಳೀಲಿ ಅದೇ ಪ್ರಸಂಗ ಇಟ್ಟಿದಾರೆ. ನಾ ಬರ್ತೀನಿ. ನೀವು ರಾಣಿ ಅರ್ಥ ಹೇಳಿ, ನಾ ಮಂತ್ರಿ ಹೇಳ್ತೀನಿ."

ಒಪ್ಪಿಕೊಂಡೆ. ಕ್ಷಮಿಸಿದ್ದಾರೆಂದು ನಾನು ತಿಳಿದಿಲ್ಲ. ಕೇಳುವ ಯೋಗ್ಯತೆಯೂ ನನಗಿಲ್ಲ. ಕೂಟ ಬರುವ ಭಾನುವಾರ. ಮೊಬೈಲು ಇರುವವರೆಲ್ಲ ಬನ್ನಿ, ಹಿಡಿದುಕೊಳ್ಳಿ, ಇದನ್ನೂ ಊರೂರು ಕಳಿಸಿ.

ಮಂತ್ರಿಯಾಗಿ ಆಕೆ ಏನು ಕೇಳುತ್ತಾರೆಂದು ನನಗೆ ಗೊತ್ತು. ಕೋಟೆಯ ಗೋಡೆಯ ಮೇಲೆ ದೀಪ ಇಟ್ಟವರು ಯಾರು, ತಾಯೇ? ರಾಣಿಯ ಬಾಯಲ್ಲಿ ಅದಕ್ಕೆ ಹತ್ತು ಚಂದದ ಉತ್ತರ ಕೊಡಬಲ್ಲೆ, ಚಪ್ಪಾಳೆಯನ್ನೂ ಗಿಟ್ಟಿಸಬಲ್ಲೆ. ಒಂದನ್ನೂ ಕೊಡುವುದಿಲ್ಲ. ಪಾತ್ರ ಬಿಟ್ಟು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಸುಬ್ರಾಯನ ಮಾತಿನಲ್ಲೇ ಹೇಳುತ್ತೇನೆ — ಅದು ಪ್ರಸಂಗದಲ್ಲಿ ಇಲ್ಲ ಮೇಷ್ಟ್ರೇ, ಇಟ್ಟದ್ದು ನಾನು.

ಸಭೆ ನಗಲಿ.